ಎಂಟು ತೂತಿನ ಕೇಬಲ್ಲು

ಹಪ್ಪಳ, ಸಂಡಿಗೆ, ಸಾರಿನ ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವವರು ನಮ್ಮ ಸಂಘದಲ್ಲಿ ಇನ್ನೂ ಎಷ್ಟೋ ಮಂದಿ ಇದ್ದಾರೆ. ಕಂಪ್ಯೂಟರಿನ ಕೇಬಲ್ಲನ್ನು ಮನೆಯಲ್ಲಿ ಮಾಡಿದವನು ಬಹುಶಃ ನಾನೊಬ್ಬನೇ. ಇದು ಶುದ್ಧ ಜುಗ್ಗತನವೆಂದು ನನ್ನವಳ ಅಭಿಪ್ರಾಯ. ಹಾಗಲ್ಲವೆಂದು ಅವಳಿಗೆ ಹೇಳಿ ಸಾಕಾಗಿದೆ. ಓದುಗರಿಗಾದರೂ ಹೇಳೋಣವೆಂದು ಬರೆಯುತ್ತಿದ್ದೇನೆ.

ಮಗಳು ಅನಿಮೇಶನ್ ಕಲಿಯುತ್ತಿದ್ದಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕೆಂದಳು. ದಸರೆಯ ಬೋನಸ್ಸಿಗೆ ಅದರ ಎರಡರಷ್ಟು ಕೈಯಿಂದ ಸೇರಿಸಿ, 2021ರಲ್ಲಿ ಮಾರುಕಟ್ಟೆಗೆ ಬಂದ ಆರ್‌ಟಿಎಕ್ಸ್ 3060 ಕಾರ್ಡನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆವು. ಅದರ ಹಸಿವು 170 ವಾಟ್. ಮದರ್‌ಬೋರ್ಡಿನ ಸ್ಲಾಟು ಬಡಿಸುವುದು ಹೆಚ್ಚೆಂದರೆ 75. ಉಳಿದದ್ದನ್ನು ಪವರ್ ಸಪ್ಲೈ ಪೆಟ್ಟಿಗೆಯಿಂದ ಎಂಟು ಪಿನ್ನಿನ ಬೇರೊಂದು ಕೇಬಲ್ಲು ತರಬೇಕು. ಅದಕ್ಕೆ ಗೊತ್ತುಮಾಡಿದ ಮಿತಿ 150 ವಾಟ್. ನಮ್ಮ ಪೆಟ್ಟಿಗೆಯೂ ಸೆಕೆಂಡ್ ಹ್ಯಾಂಡೇ, ಕೇಬಲ್ಲುಗಳನ್ನು ಕಳಚಿಡಬಹುದಾದ ಮಾಡ್ಯುಲರ್ ಜಾತಿಯದು. ಎಲ್ಲ ಕೇಬಲ್ಲುಗಳೂ ಜೊತೆಗೆ ಬಂದಿದ್ದವು, ಬೇಕಾದದ್ದೊಂದನ್ನು ಬಿಟ್ಟು!

ಶನಿವಾರ ಕಚೇರಿಗೆ ರಜೆ. ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಅಪ್ಪ ಮಗಳು ಲ್ಯಾಮಿಂಗ್ಟನ್ ರೋಡಿಗೆ ಹೋದೆವು. ಅಂಗಡಿಯವನೊಬ್ಬ ಬೇರೆ ಕಂಪನಿಯ ಕೇಬಲ್ಲು ತೆಗೆದು, ನಮ್ಮ ಪೆಟ್ಟಿಗೆಗೆ ಸಿಕ್ಕಿಸಿ, "ಫಿಟ್ ಹೋ ಗಯಾ ಸಾಬ್" ಎಂದ. ಕಟ್ಟೆಂದು ಸದ್ದೂ ಬಂತು. ಮಗಳ ಮುಖ ಅರಳಿತು.

ಇಲ್ಲೇ ಇರುವುದು ಗಮ್ಮತ್ತು. ಕಾರ್ಡಿನ ಕಡೆಯ ಎಂಟು ಪಿನ್ನುಗಳಿಗೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮ: ಮೂರರಲ್ಲಿ 12 ವೋಲ್ಟು, ಐದು ಗ್ರೌಂಡು. ಪೆಟ್ಟಿಗೆಯ ಕಡೆಗೆ ಅಂಥ ನಿಯಮವೇ ಇಲ್ಲ; ಯಾವ ತೂತಿನಲ್ಲಿ ಏನೆಂಬುದು ಆಯಾ ಕಂಪನಿಯ ಇಷ್ಟ. ತೂತುಗಳ ಆಕಾರ ಒಂದೇ ಇದ್ದೀತು, ಒಳಗಿನ ಸಂಸಾರ ಬೇರೆ. ಹಿಂದಿನ ರಾತ್ರಿಯೇ ನಾನು ಪೆಟ್ಟಿಗೆಯನ್ನು ಒಂಟಿಯಾಗಿಟ್ಟು, 24 ಪಿನ್ನಿನ ದೊಡ್ಡ ಕೇಬಲ್ಲಿನ 16ನೇ ಪಿನ್ನನ್ನು ಪಕ್ಕದ ಗ್ರೌಂಡಿಗೆ ತಂತಿಯಿಂದ ಸೇರಿಸಿ ಅದನ್ನು ಎಬ್ಬಿಸಿ, ಒಂದೊಂದು ತೂತಿನ ವೋಲ್ಟೇಜನ್ನೂ ಮಲ್ಟಿಮೀಟರಿನಿಂದ ಅಳೆದು ಚೀಟಿಯಲ್ಲಿ ಬರೆದುಕೊಂಡಿದ್ದೆ. (ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ಯಾರೂ ತೆಗೆಯಬಾರದು. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರುಗಳು ನೂರಾರು ವೋಲ್ಟನ್ನು ಹಿಡಿದುಕೊಂಡಿರುತ್ತವೆ.) ಅಂಗಡಿಯ ಕಟ್ಟೆಯ ಮೇಲೆ ಚೀಟಿಯನ್ನಿಟ್ಟು, ಅವನ ಕೇಬಲ್ಲಿನ ತಂತಿಗಳನ್ನು ಬೀಪ್ ಹಾಕಿ ನೋಡಿದೆ. ನಮ್ಮ ಪೆಟ್ಟಿಗೆ 12 ವೋಲ್ಟು ಕೊಡುವ ತೂತಿನಿಂದ ಅವನ ತಂತಿ ಕಾರ್ಡಿನ ಗ್ರೌಂಡಿಗೆ ಹೋಗುತ್ತಿತ್ತು. ಪೆಟ್ಟಿಗೆಯ ರಕ್ಷಣಾ ವ್ಯವಸ್ಥೆ ತಕ್ಷಣ ಕೆಲಸ ನಿಲ್ಲಿಸಿದರೆ ನಮ್ಮ ಪುಣ್ಯ. ಇಲ್ಲವಾದರೆ ಬೋನಸ್ಸೂ ಪ್ರಾಜೆಕ್ಟೂ ಒಟ್ಟಿಗೇ ಹೊಗೆ. "ನಾಲ್ಕು ಜನ ಒಯ್ದಿದ್ದಾರೆ, ಯಾರೂ ವಾಪಸು ತಂದಿಲ್ಲ" ಎಂದು ಅವನು ಮುನಿಸಿಕೊಂಡ. ಅವರ ಪೆಟ್ಟಿಗೆ ಬೇರೆ ಇದ್ದಿರಬಹುದು.

ಬಿಡಿ ಸಾಮಾನು ಕೊಂಡು ಬಂದೆವು: ಪ್ಲಾಸ್ಟಿಕ್ ಗೂಡುಗಳು, ಒಂದು ಹಿಡಿ ಟರ್ಮಿನಲ್ಲುಗಳು, 18 ಗೇಜಿನ ತಾಮ್ರದ ತಂತಿ. ಗೇಜಿನ ಲೆಕ್ಕ ನಮ್ಮ ಕಚೇರಿಯ ಗ್ರೂಪ್ ಎ, ಬಿ, ಸಿಗಳ ಹಾಗೆ. ಹಿಂದೆ ಹೋದಷ್ಟೂ ದಪ್ಪ. ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ ತಂತಿಯೂ ಅಗ್ಗಕ್ಕೆ ಸಿಗುತ್ತದೆ, ಅದು ಬೇಡ. ನಮ್ಮ ಗೋಡೆಯ 230 ವೋಲ್ಟಿನಲ್ಲಿ 150 ವಾಟ್ ಎಂದರೆ ಮುಕ್ಕಾಲು ಆಂಪಿಯರೂ ಇಲ್ಲ. ಅದೇ 12 ವೋಲ್ಟಿನಲ್ಲಿ ಹನ್ನೆರಡೂವರೆ ಆಂಪಿಯರ್! ಮೂರು ತಂತಿಗಳಿಗೆ ಹಂಚಿದರೆ ತಲಾ ನಾಲ್ಕಕ್ಕೆ ಮೇಲೆ.

ಅಷ್ಟು ಕರೆಂಟಿಗೆ ತಂತಿ ಹೆದರುವುದಿಲ್ಲ. ಹೆದರಬೇಕಾದದ್ದು ಕೂಡುವ ಜಾಗ. ಅಲ್ಲಿ ಒಂದು ಓಮಿನ ಇಪ್ಪತ್ತನೇ ಒಂದು ಪಾಲಿನಷ್ಟು ತಡೆ ಉಳಿದರೂ, ಬಿ.ಎಸ್ಸಿ.ಯಲ್ಲಿ ಉರು ಹೊಡೆದ ಸೂತ್ರದ ಪ್ರಕಾರ, ಅಕ್ಕಿ ಕಾಳಿನಷ್ಟು ಲೋಹದಲ್ಲಿ ಸುಮಾರು ಒಂದು ವಾಟ್ ಶಾಖ ಗಂಟೆಗಟ್ಟಲೆ ಕೂತಿರುತ್ತದೆ. 2022ರ ಅಕ್ಟೋಬರಿನಲ್ಲಿ ಆರ್‌ಟಿಎಕ್ಸ್ 4090 ಕಾರ್ಡು ಬಂದಾಗ, 600 ವಾಟಿನವರೆಗೆ ಒಯ್ಯಬಲ್ಲದೆಂದ ಅದರ ಹೊಸ ಹದಿನಾರು ಪಿನ್ನಿನ ಕನೆಕ್ಟರು ಕೆಲವರ ಮನೆಯಲ್ಲಿ ಕರಗಿಹೋಯಿತು. ಪೂರ್ತಿ ಒಳಗೆ ಕೂರದೆ ಇದ್ದದ್ದು ಒಂದು ಕಾರಣವೆಂದು ಹೇಳಿದರು.

ನಾನು ರೇಡಿಯೋ ಕಾಲದವರ ಕೈಕೆಳಗೆ ಬೆಸುಗೆ ಕಲಿತವನು. ಬೆಸುಗೆ ಹಾಕಲು ಕೈ ತುರಿಸುತ್ತಿತ್ತು. ಆದರೆ ಇಲ್ಲಿ ಬೆಸುಗೆ ಸಲ್ಲದು. ಬೆಸುಗೆ ಹೀರಿದ ತಂತಿ ಸೆಟೆದುಕೊಂಡು, ಅದು ಮುಗಿಯುವ ಜಾಗದಲ್ಲೇ ಮುರಿಯುತ್ತದೆ. ಟರ್ಮಿನಲ್ಲಿನ ಎರಡು ಜೊತೆ ರೆಕ್ಕೆಗಳಲ್ಲಿ ಒಂದು ಜೊತೆ ಬರಿಯ ತಾಮ್ರವನ್ನು, ಇನ್ನೊಂದು ಮೇಲಿನ ಸಿಪ್ಪೆಯನ್ನು ಅಪ್ಪಿಕೊಳ್ಳುವಂತೆ ಕ್ರಿಂಪಿಂಗ್ ಇಕ್ಕಳದಿಂದ ಒತ್ತಬೇಕು. ಇಕ್ಕಳವನ್ನು ಸಹೋದ್ಯೋಗಿಯಿಂದ ಎರವಲು ತಂದೆ. ಮಗಳು ಮೊದಲು ಹತ್ತು ಚೂರು ತಂತಿಗಳ ಮೇಲೆ ಒತ್ತಿ, ಜಗ್ಗಿ, ಕಿತ್ತು ಬಂದದ್ದನ್ನೆಲ್ಲ ಎಸೆದಳು. ಎಂಟನೆಯದರಿಂದ ಒಂದೂ ಕಿತ್ತು ಬರಲಿಲ್ಲ. ಅವಳ ಬೆರಳು ನನ್ನದಕ್ಕಿಂತ ಸ್ಥಿರ. ಕೊನೆಗೆ ನನ್ನ ಕೆಲಸ ಚೀಟಿ ಓದುವುದಷ್ಟೇ ಆಯಿತು.

"ಊಟಕ್ಕೆ ಏಳ್ರೀ, ಆಮೇಲೆ ಹೊಲಿಯುವಿರಂತೆ" ಎಂದು ಒಳಗಿನಿಂದ ಮೂರು ಸಲ ಕೂಗು ಬಂತು.

ಕಾರ್ಡಿಗೆ ಸಿಕ್ಕಿಸುವ ಮೊದಲು ಕೇಬಲ್ಲನ್ನು ಪೆಟ್ಟಿಗೆಗೆ ಮಾತ್ರ ಹಾಕಿ, ಇನ್ನೊಂದು ತುದಿಯನ್ನು ಅಳೆದೆವು. ಮೂರರಲ್ಲಿ 12, ಐದರಲ್ಲಿ ಸೊನ್ನೆ. ಆ ರಾತ್ರಿ ಕಾರ್ಡು ಆರು ಗಂಟೆ ಕಾಲ ಅವಳ ಚಿತ್ರವನ್ನು ರೆಂಡರ್ ಮಾಡಿತು. ಗಂಟೆಗೊಮ್ಮೆ ಎದ್ದು ಕನೆಕ್ಟರು ಮುಟ್ಟಿ ನೋಡಿದೆ. ಉಗುರು ಬೆಚ್ಚಗಿತ್ತು, ಅಷ್ಟೇ. "ಅಪ್ಪಾ, ಮಲಗು ಹೋಗು" ಎಂದಳು.

ಮೊನ್ನೆ ಪಕ್ಕದ ಬ್ಲಾಕಿನ ಹುಡುಗನೊಬ್ಬ, "ಅಂಕಲ್, ನನಗೂ ಒಂದು ಮಾಡಿಕೊಡಿ" ಎಂದು ಬಂದ. ನಾನು ಬಾಯಿ ತೆರೆಯುವ ಮೊದಲೇ ಮಗಳು, "ಪವರ್ ಸಪ್ಲೈ ತಂದಿದ್ದೀಯಾ?" ಎಂದು ಕೇಳಿದಳು. ತರಲು ವಾಪಸು ಹೋದ.