ಮುಳ್ಳಿಲ್ಲದ ಮೀನು

ಉಬ್ರಾಣಿ ಅಂದರೆ ಬೆಂಗಳೂರಿನಲ್ಲಿ ಯಾರಿಗೂ ಗೊತ್ತಾಗಲ್ಲ. ಚನ್ನಗಿರಿ ತಾಲ್ಲೂಕು ಅಂತೀನಿ. ಆಗಲೂ ಗೊತ್ತಾಗದಿದ್ದರೆ ಅಡಿಕೆ ಅಂತೀನಿ, ಆಗ ತಲೆ ಆಡಿಸುತ್ತಾರೆ. ಅಂಥ ಊರಿನವನೊಬ್ಬ ಪ್ರತಿ ಬುಧವಾರ ರಾತ್ರಿ ನಾರ್ವೆ ದೇಶದ ಸಾಲ್ಮನ್ ಮೀನನ್ನು ಓಟಿಜಿಯಲ್ಲಿ ಬೇಯಿಸಿ ಮನೆಮಂದಿಗೆ ಬಡಿಸುತ್ತಾನೆ ಅಂತ ಊರಲ್ಲಿ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ರೇಟು ಕೇಳುತ್ತಾರೆ. ರೇಟು ಕೇಳಿದ ಮೇಲೆ ಯಾರೂ ನಗಲ್ಲ.

ಬುಧವಾರವೇ ಯಾಕೆ ಅಂದರೆ ಸೋಮವಾರ, ಶನಿವಾರ ಅವ್ವ ಮೀನು ಮುಟ್ಟಲ್ಲ, ಮತ್ತೆ ಬುಧವಾರ ನನ್ನ ಹೆಂಡತಿಗೆ ಏಳೂವರೆಯಿಂದ ಒಂಬತ್ತರವರೆಗೆ ಅಮೆರಿಕದವರ ಜೊತೆ ಕಾಲ್ ಇರುತ್ತದೆ. ಅವತ್ತು ಅಡುಗೆ ನನ್ನದು. ಔಟರ್ ರಿಂಗ್ ರೋಡಿನಿಂದ ಮನೆ ಸೇರಿ ಬ್ಯಾಗ್ ಇಳಿಸುವ ಮೊದಲೇ ಓಟಿಜಿಯ ಗುಂಡಿ 200 ಡಿಗ್ರಿಗೆ ತಿರುಗಿಸುತ್ತೇನೆ. ಅದು ಕಾಯೋದಕ್ಕೆ ಹತ್ತು ನಿಮಿಷ ಬೇಕು, ನನಗೆ ತರಕಾರಿ ಹೆಚ್ಚೋದಕ್ಕೂ ಹತ್ತು ನಿಮಿಷ.

ತರಕಾರಿ ವಿಷಯದಲ್ಲಿ ನನಗೆ ಸ್ವಲ್ಪ ಹಟ ಇದೆ. ಇಂಗ್ಲಿಷ್ ಅಡುಗೆ ವಿಡಿಯೋಗಳಲ್ಲೆಲ್ಲ ಸಾಲ್ಮನ್ ಪಕ್ಕದಲ್ಲಿ ಆಸ್ಪರಾಗಸ್ ಇರಲೇಬೇಕು. ನಾನು ಹಾಕಲ್ಲ. ಗೆಣಸು, ಕ್ಯಾರೆಟ್, ದಪ್ಪಗೆ ಸೀಳಿದ ಈರುಳ್ಳಿ, ಇಡಿಯಾಗಿ ಬೆಂಡೆಕಾಯಿ. ಅದರಲ್ಲೂ ಬೆಂಡೆಕಾಯಿ! ಬಾಣಲೆಯಲ್ಲಿ ಲೋಳೆ ಬಿಟ್ಟು ಗೋಳಾಡಿಸುವ ಬೆಂಡೆಕಾಯಿ ಓಟಿಜಿಯ ಒಣ ಬಿಸಿಯಲ್ಲಿ ತುದಿ ಕಪ್ಪಗಾಗಿ ಚಿಪ್ಸಿನ ಹಾಗೆ ಆಗುತ್ತದೆ. ಹೀರೆಕಾಯಿ, ಸೋರೆಕಾಯಿ ಮಾತ್ರ ಬೇಡ, ನೀರು ಬಿಟ್ಟು ತಟ್ಟೆಯನ್ನೇ ಕೆರೆ ಮಾಡುತ್ತವೆ. ಎರಡು ಚಮಚ ಎಣ್ಣೆ, ಉಪ್ಪು, ಕುಟ್ಟಿದ ಕಾಳುಮೆಣಸು ಹಾಕಿ ಕೈಯಲ್ಲೇ ಕಲೆಸಿ, ಒಂದರ ಮೇಲೊಂದು ಬೀಳದ ಹಾಗೆ ಹರಡಿ ಒಳಗಿಡಬೇಕು. ರಾಶಿ ಹಾಕಿದರೆ ತಮ್ಮದೇ ಹಬೆಯಲ್ಲಿ ಬೆಂದು ಮೆತ್ತಗಾಗುತ್ತವೆ, ಸುಟ್ಟ ರುಚಿ ಬರಲ್ಲ.

ತರಕಾರಿಗೆ 20 ನಿಮಿಷ ಮುಂಚೆಯೇ ಅವಕಾಶ ಕೊಡಬೇಕು. ಮೀನಿಗೆ ಅಷ್ಟು ಹೊತ್ತು ಬೇಡ, 150 ಗ್ರಾಂ ತೂಗುವ ತುಂಡಿಗೆ 12ರಿಂದ 15 ನಿಮಿಷ ಧಾರಾಳ. ತುಂಡನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಜಜ್ಜಿದ ಬೆಳ್ಳುಳ್ಳಿ, ಅಚ್ಚಖಾರದ ಪುಡಿ, ಉಪ್ಪು, ಒಂದು ಚೂರು ಎಣ್ಣೆ ಸವರಿ, ಚರ್ಮ ಕೆಳಗೆ ಬರುವ ಹಾಗೆ ತರಕಾರಿಯ ನಡುವೆ ಜಾಗ ಮಾಡಿ ಇಡುತ್ತೇನೆ. ನಿಂಬೆಹಣ್ಣು ಹಿಂಡೋದು ಕೊನೆಗೆ. ಮೀನಿನ ಮೇಲೆ ಬಿಳಿ ಮೊಸರಿನಂಥದ್ದು ಉಕ್ಕಿ ಬಂದರೆ ಗಾಬರಿ ಬೇಡ, ಅದು ಮೀನಿನದೇ ಪ್ರೋಟೀನು. ಆದರೆ ಜಾಸ್ತಿ ಬಂದಿದೆ ಅಂದರೆ ಜಾಸ್ತಿ ಬೇಯಿಸಿದ್ದೀರಿ ಅಂತ ಅರ್ಥ. ನನ್ನ ಹತ್ತಿರ ಒಂದು ಚುಚ್ಚುವ ಥರ್ಮಾಮೀಟರ್ ಇದೆ, ತುಂಡಿನ ನಡುವೆ 63 ಡಿಗ್ರಿ ತೋರಿಸಿದರೆ ಆಚೆ ತೆಗೆಯುತ್ತೇನೆ. ಇಂಜಿನಿಯರ್ ಆದವನಿಗೆ ಇಷ್ಟಾದರೂ ಚಟ ಬೇಡವೇ? ಕರೆಂಟಿನ ಲೆಕ್ಕವೂ ಹಾಕಿದ್ದೇನೆ: 1,600 ವಾಟ್ ಓಟಿಜಿ ಮುಕ್ಕಾಲು ಗಂಟೆ ಉರಿದರೂ ಒಂದೂಕಾಲು ಯೂನಿಟ್ ದಾಟಲ್ಲ.

ಅಷ್ಟೇ. ಒಗ್ಗರಣೆ ಇಲ್ಲ, ರುಬ್ಬೋದಿಲ್ಲ, ತೊಳೆಯೋಕೆ ಇರೋದು ಒಂದೇ ತಟ್ಟೆ. ಮೀನು ಒಳಗಿರುವ ಹೊತ್ತಲ್ಲಿ ಮಗಳ ಹೋಮ್‌ವರ್ಕ್ ನೋಡಬಹುದು. ಇದನ್ನೇ ಎಲ್ಲರೂ ಸುಲಭದ ಅಡುಗೆ ಅನ್ನೋದು.

ಈ ಸುಲಭ ಎಲ್ಲಿಂದ ಬಂತು ಅಂತ ನೋಡಿದರೆ, ಓಟಿಜಿಯಿಂದಲ್ಲ. ಮುಳ್ಳಿನಿಂದ ಬಂದಿದ್ದು. ಸಾಲ್ಮನ್ ತುಂಡಿನಲ್ಲಿ ಸಣ್ಣ ಮುಳ್ಳುಗಳು ಒಂದೇ ಸಾಲಿನಲ್ಲಿ, ಹೊಲಿಗೆ ಹಾಕಿದ ಹಾಗೆ ಇರುತ್ತವೆ, ಒಂದು ಬದಿಗೆ ಸುಮಾರು 30. ಚಿಮುಟದಲ್ಲಿ ಹಿಡಿದು ಒಂದೊಂದಾಗಿ ಎಳೆದರೆ ಮುಗೀತು, ಆಮೇಲೆ ಆ ತುಂಡು ಬೆಣ್ಣೆ. ನಮ್ಮ ಕಾಟ್ಲಾ, ರೋಹು, ಮೃಗಾಲ ಹಾಗಲ್ಲ. ಅವುಗಳ ಮಾಂಸದ ಪದರ ಪದರಗಳ ಸಂದಿಯಲ್ಲಿ ಕವಲೊಡೆದ ಕೂದಲಿನಂಥ ಮುಳ್ಳುಗಳು ಹುದುಗಿರುತ್ತವೆ. ಕತ್ತಿಗೂ ಸಿಗಲ್ಲ, ಚಿಮುಟಕ್ಕೂ ಸಿಗಲ್ಲ. ಅವನ್ನು ಹುಡುಕಬಲ್ಲ ಯಂತ್ರ ನಮ್ಮೂರಿನಲ್ಲಿ ಒಂದೇ ಇತ್ತು, ಹೆಂಗಸರ ಬೆರಳು.

ನಾನು ಸಣ್ಣವನಿದ್ದಾಗ ಮೀನು ಬರುತ್ತಿದ್ದುದು ಸೈಕಲ್ ಮೇಲೆ, ಆಮೇಲೆ ಟಿವಿಎಸ್ ಮೇಲೆ. ಸೂಳೆಕೆರೆ ಮೀನು ಅಂದರೆ ಎರಡು ರೂಪಾಯಿ ಜಾಸ್ತಿ. ಸರ್ಕಾರಿ ಬೋರ್ಡಿನಲ್ಲಿ ಅದು ಶಾಂತಿಸಾಗರ, ನಮ್ಮ ತಾಲ್ಲೂಕಿನದೇ ದೊಡ್ಡ ಕೆರೆ, ಚಿತ್ರದುರ್ಗಕ್ಕೂ ಅಲ್ಲಿಂದಲೇ ಕುಡಿಯುವ ನೀರು ಹೋಗುತ್ತದೆ. ಕೆರೆ ಮೀನು ಅಂದರೆ ತಾನಾಗಿ ಹುಟ್ಟಿ ಬೆಳೆದದ್ದು ಅಂದುಕೊಂಡಿದ್ದೆವು. ಹಾಗಲ್ಲವಂತೆ. ಕಾಟ್ಲಾ, ರೋಹು ಹರಿಯುವ ನದಿಯ ಮಳೆಗಾಲದ ನೀರಿನಲ್ಲಿ ಮೊಟ್ಟೆ ಇಡುವ ಜಾತಿ, ನಿಂತ ಕೆರೆಯಲ್ಲಿ ಮರಿ ಮಾಡಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಅನ್ನುವ ವಿಜ್ಞಾನಿ ಪಿಟ್ಯುಟರಿ ಗ್ರಂಥಿಯ ರಸವನ್ನು ಮೀನಿಗೆ ಚುಚ್ಚಿ ಮೊಟ್ಟೆ ಇಡಿಸಿದರು. ದೇಶದ ಮೀನು ಕೃಷಿಕರ ದಿನ ಅಂತ ಜುಲೈ 10ನ್ನು ಆಚರಿಸೋದು ಅದಕ್ಕೇ. ಆ ಚುಚ್ಚುಮದ್ದಿನ ದಾರಿಯಲ್ಲೇ ಹುಟ್ಟಿದ ಮರಿಗಳನ್ನು ತಂದು ಕೆರೆಗಳಿಗೆ ಬಿಡುತ್ತಾರೆ. ಅಂದರೆ ನಾರ್ವೆಯವರ ಮೀನು ಸಾಕಿದ್ದು, ನಮ್ಮದು ಕಾಡಿನದು ಅಂತ ಮೀಸೆ ತಿರುವುವ ಹಾಗಿಲ್ಲ. ಎರಡೂ ಸಾಕಿದವೇ. ವ್ಯತ್ಯಾಸ ಏನಂದರೆ ಅವರು ಮೀನಿನ ಬಣ್ಣಕ್ಕೂ ಮೇವಿನಲ್ಲೇ ವ್ಯವಸ್ಥೆ ಮಾಡುತ್ತಾರೆ. ಸಾಕಿದ ಸಾಲ್ಮನ್‌ನ ಆ ಕಿತ್ತಳೆ ಬಣ್ಣ ಮೇವಿಗೆ ಸೇರಿಸುವ ಅಸ್ಟಾಜಾಂತಿನ್‌ನಿಂದ ಬರೋದು.

ಇರಲಿ, ಮನೆಗೆ ಬರುತ್ತೇನೆ. ಮೀನು ಕೊಂಡ ದಿನ ಅವ್ವನ ಮಧ್ಯಾಹ್ನ ಪೂರ್ತಿ ಹಿತ್ತಲಲ್ಲೇ. ಬೂದಿ ಹಚ್ಚಿ ಬಂಡೆಗೆ ಉಜ್ಜಿ ಹುರುಪೆ ತೆಗೆಯೋದು, ಕಿವಿರು ಕೀಳೋದು, ಕರುಳು ತೆಗೆದು ಕಾಗೆಗೆ ಎಸೆಯೋದು, ಉಪ್ಪು ಅರಿಶಿನ ಹಾಕಿ ಮೂರು ನೀರು ತೊಳೆಯೋದು. ಆಮೇಲೆ ಕಾಯಿ ಮಸಾಲೆ ರುಬ್ಬಿ, ಹುಣಸೆಹುಳಿ ಹಿಂಡಿ, ಮಣ್ಣಿನ ಮಡಕೆಯಲ್ಲಿ ಸಾರು. ರಾತ್ರಿ ಮುದ್ದೆ ಹಾಕಿ ಅಪ್ಪನಿಗೆ, ನಮಗೆ ಬಡಿಸಿ, ನಮ್ಮ ತಟ್ಟೆ ಪಕ್ಕದಲ್ಲಿ ಕೂತು ಮುಳ್ಳು ಬಿಡಿಸುತ್ತಿದ್ದಳು. ದೀಪದ ಕಡೆ ನೋಡ್ತಾನೂ ಇರಲಿಲ್ಲ. ಎರಡು ಬೆರಳಲ್ಲಿ ಮಾಂಸವನ್ನು ಮೆಲ್ಲಗೆ ಒತ್ತಿ ಸವರಿದರೆ ಮುಳ್ಳು ತಾನಾಗಿ ಆಚೆ ಬರೋದು. ನನಗೆ, ತಮ್ಮನಿಗೆ, ಎಷ್ಟೋ ಸಲ ಅಪ್ಪನಿಗೂ. ಕೊನೆಗೆ ಅವಳು ಉಣ್ಣಲು ಕೂತಾಗ ಮಡಕೆಯಲ್ಲಿ ತಲೆ, ಬಾಲ, ತಳದ ಸಾರು. 'ನಂಗೆ ತಲೆನೇ ಇಷ್ಟ' ಅನ್ನೋಳು.

ಅಪ್ಪ ಹೋದ ಮೇಲೆ ಅವ್ವ ಬೆಂಗಳೂರಿಗೆ ಬಂದಳು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಜೊತೆಗೇ ಬಂತು. ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ, ಇನ್ನೊಂದು ಬಾಕಿ. ಮೊದಲು ಪಾದದಲ್ಲಿದ್ದ ಜೋಮು ಈಗ ಬೆರಳಿನ ತುದಿಗೂ ಬಂದಿದೆ. ನರಗಳು ಸೋತಿವೆ, ಸಕ್ಕರೆ ಹತೋಟಿಯಲ್ಲಿಟ್ಟುಕೊಳ್ಳೋದೊಂದೇ ದಾರಿ, ಹೋದ ಸ್ಪರ್ಶ ಪೂರ್ತಿ ಮರಳುತ್ತದೆ ಅಂತ ಹೇಳೋಕಾಗಲ್ಲ ಅಂದರು ಡಾಕ್ಟರು. ಅವ್ವ ಇದನ್ನು ಯಾರಿಗೂ ಹೇಳಲಿಲ್ಲ. ಸುಮ್ಮನೆ ಮೀನು ತಿನ್ನೋದು ಬಿಟ್ಟಳು. ಭಾನುವಾರ ನಾನು ರೋಹು ತಂದರೆ ಸಾರು ಮಾಡೋಳು, ಮಗಳಿಗೆ ತಿನ್ನಿಸು ಅಂದರೆ, 'ನಾನು ತಿನ್ಸಲ್ಲಪ್ಪ, ನೀನೇ ತಿನ್ಸು' ಅಂತ ಎದ್ದು ಹೋಗೋಳು. ನಿನಗೂ ಹಾಕ್ಕೋ ಅವ್ವ ಅಂದರೆ, 'ನಂಗೆ ಬ್ಯಾಡ, ಸಾರು ಸಾಕು.'

ಹೆಂಡತಿಯೇ ಮೊದಲು ಕಂಡುಹಿಡಿದಿದ್ದು. 'ಅತ್ತೆಗೆ ಸೂಜಿಗೆ ದಾರ ಪೋಣಿಸೋಕೂ ಆಗ್ತಿಲ್ಲ, ಗಮನಿಸಿದ್ರಾ? ಮುಳ್ಳು ಕೈಗೆ ಗೊತ್ತಾಗ್ತಿಲ್ಲ ಅವರಿಗೆ' ಅಂದಳು. ಸಾಲ್ಮನ್ ನಮ್ಮ ಮನೆಗೆ ಬಂದಿದ್ದು ಹಾಗೆ. ಒಮೆಗಾ ಕೊಬ್ಬಿಗಾಗಿಯೂ ಅಲ್ಲ, ಇನ್‌ಸ್ಟಾಗ್ರಾಂಗಾಗಿಯೂ ಅಲ್ಲ.

ಮೊದಲ ಬುಧವಾರ ಎಲ್ಲರ ತಟ್ಟೆಯೂ ಒಟ್ಟಿಗೆ ಟೇಬಲ್ ಮೇಲೆ ಬಂತು. ಬಿಸಿ ಬಿಸಿ ಬಡಿಸೋ ಕೆಲಸವೇ ಇಲ್ಲದ ಅಡುಗೆ ನೋಡಿ, ಹಾಗಾಗಿ ಅವ್ವನೂ ಕೂತಳು. ಎಷ್ಟೋ ಹೊತ್ತು ತುಂಡನ್ನು ಬೆರಳಲ್ಲಿ ಒತ್ತುತ್ತಲೇ ಇದ್ದಳು.

'ಮುಳ್ಳಿಲ್ಲ ಅವ್ವ, ಧೈರ್ಯವಾಗಿ ತಿನ್ನು.'

'ಮುಳ್ಳಿಲ್ದಿದ್ರೆ ಅದೆಂಥ ಮೀನಪ್ಪಾ?'

ತಿಂದಳು, ಪೂರ್ತಿ ತಿಂದಳು. ಖಾರ ಸಾಲದು ಅಂದಳು, ಹುಳಿ ಇಲ್ಲ ಅಂದಳು, ಬೆಂಡೆಕಾಯಿ ಚೆನ್ನಾಗೈತೆ ಅಂದಳು. ಮೂರನೇ ವಾರ ಹೊತ್ತಿಗೆ ಮಗಳಿಗೆ ತನ್ನ ತಟ್ಟೆಯಿಂದ ತುತ್ತು ಕೊಡೋಕೆ ಶುರು ಮಾಡಿದಳು. ಆಮೇಲೆ ಕೇಳಿದಳು, 'ಇದ್ರ ತಲೆ ಎಲ್ಲಿ ಹೋಯ್ತು?'

ಈಗ ರೇಟಿನ ಮಾತು. ಬೆಂಗಳೂರಿನಲ್ಲಿ ನಿಜವಾದ ಸಾಲ್ಮನ್ ಕೆಜಿಗೆ 2,000 ರೂಪಾಯಿಗೂ ಮೇಲೆ. ನಮ್ಮ ಸಮುದ್ರದಲ್ಲಿ ಅದು ಹುಟ್ಟಲ್ಲ, ಇಲ್ಲಿ ತಾಜಾ ಅಂತ ಮಾರೋದು ಐಸ್ ಪೆಟ್ಟಿಗೆಯಲ್ಲಿ ವಿಮಾನ ಹತ್ತಿ ಬಂದದ್ದು. 'ಇಂಡಿಯನ್ ಸಾಲ್ಮನ್' ಅಂತ ಅದಕ್ಕಿಂತ ಅಗ್ಗಕ್ಕೆ ಸಿಗೋದು ರಾವಸ್, ಸಾಲ್ಮನ್‌ಗೂ ಅದಕ್ಕೂ ಸಂಬಂಧವಿಲ್ಲ, ಬೇರೆಯೇ ಕುಲ. ಆದರೆ ರಾವಸ್ ಒಳ್ಳೇ ಮೀನು, ಮುಳ್ಳೂ ಕಮ್ಮಿ, ಓಟಿಜಿಯಲ್ಲಿ ಚೆನ್ನಾಗಿಯೇ ಬರುತ್ತದೆ. ತಿಂಗಳಲ್ಲಿ ಎರಡು ಬುಧವಾರ ನಮ್ಮನೆಯಲ್ಲಿ ಅದೇ. ರೋಹುವನ್ನೂ ಇಟ್ಟು ನೋಡಿದ್ದೇನೆ, ಅರ್ಧ ಸೆಂಟಿಮೀಟರಿಗೊಂದು ಗೀರು ಹಾಕಿ, ಹುಣಸೆಹುಳಿ ಸವರಿ, ಬಾಳೆ ಎಲೆಯಲ್ಲಿ ಸುತ್ತಿ. ರುಚಿಗೆ ಮೋಸವಿಲ್ಲ. ಅಪ್ಪ ತೋಟದಲ್ಲಿ ಪಂಪ್‌ಸೆಟ್ ಹತ್ತಿರ ಕೆಂಡದ ಮೇಲೆ ಸುಡುತ್ತಿದ್ದ ಮೀನಿನ ವಾಸನೆಯೇ ಬಂತು. ಗೀರು ಹಾಕಿದರೆ ಸಣ್ಣ ಮುಳ್ಳು ತುಂಡಾಗುತ್ತದೆ ನಿಜ, ಆದರೆ ಮಾಯವಾಗಲ್ಲ. ಕಾದ ಎಣ್ಣೆಯಲ್ಲಿ ಕರಿದರೆ ಗರಿಗರಿಯಾಗಿ ತಿನ್ನೋಕಾಗುತ್ತೆ, ಓಟಿಜಿಯ ಬಿಸಿಗೆ ಆ ಶಕ್ತಿಯಿಲ್ಲ. ಕಣ್ಣೂ ಬೆರಳೂ ಚೆನ್ನಾಗಿರೋರ ಮನೆಗೆ ಅದನ್ನು ಧಾರಾಳವಾಗಿ ಹೇಳುತ್ತೇನೆ. ನಮ್ಮನೆಗೆ ಆಗಲ್ಲ.

ತಲೆ ಕೇಳಿಕೊಂಡು ನಾನು ಆ್ಯಪ್ ಬಿಟ್ಟು ಅಂಗಡಿಗೇ ಹೋದೆ. ಇಡೀ ಸಾಲ್ಮನ್ ತರಿಸಿ ಅಲ್ಲೇ ಕತ್ತರಿಸುವ ಅಂಗಡಿ. ಒಳಗೆ ಸ್ಟೀಲ್ ಟೇಬಲ್ ಮುಂದೆ ಅಸ್ಸಾಮಿನ ಹುಡುಗನೊಬ್ಬ ನಿಂತಿದ್ದ. ಗ್ಲೌಸನ್ನು ಒಂದು ಕೈಯಿಂದ ತೆಗೆದಿಟ್ಟಿದ್ದ. ಬರೀ ಬೆರಳನ್ನು ಮಾಂಸದ ಮೇಲೆ ಮೆಲ್ಲಗೆ ಸವರೋದು, ನಿಲ್ಲಿಸೋದು, ಚಿಮುಟದಲ್ಲಿ ಎಳೆಯೋದು, ಮತ್ತೆ ಸವರೋದು. ಗ್ಲೌಸ್ ಹಾಕ್ಕೊಂಡ್ರೆ ಮುಳ್ಳು ಗೊತ್ತಾಗಲ್ಲ ಸಾರ್ ಅಂದ ಹಿಂದಿಯಲ್ಲಿ. ದಿನಕ್ಕೆ ಎಷ್ಟು ಮೀನು ಅಂತ ಕೇಳಿದೆ. ಲೆಕ್ಕ ಇಟ್ಟಿಲ್ಲ ಅಂದ. ಐಸಿನಲ್ಲಿ ಆಡಿ ಆಡಿ ಅವನ ಬೆರಳ ತುದಿಗಳು ಬಿಳಿಚಿಕೊಂಡು ಸುಕ್ಕಾಗಿದ್ದವು. ನಾನು ಬೆರಳನ್ನೇ ನೋಡುತ್ತಿದ್ದುದನ್ನು ಕಂಡು ಕೈ ಒರೆಸಿಕೊಂಡ.

ತಲೆ ಯಾರಿಗೂ ಬೇಡವಂತೆ, ಚಿಲ್ಲರೆ ಕಾಸಿಗೆ ಎರಡು ಕೊಟ್ಟ.

ಸಿಂಕಿನಲ್ಲಿಟ್ಟಾಗ ಅವ್ವ ಹೌಹಾರಿದಳು. 'ಅಯ್ಯೋ, ಕರುವಿನ ತಲೆ ಇದ್ದಂಗೈತಲ್ಲೋ!' ಸೀರೆ ಸೆರಗು ಸಿಕ್ಕಿಸಿದಳು. ಬೂದಿ ಇಲ್ಲ, ಕಲ್ಲುಪ್ಪಿನಲ್ಲೇ ತಿಕ್ಕಿದಳು. ಕಿವಿರು ಕೀಳೋಕೆ ನನ್ನನ್ನು ಕರೆದಳು, ಮಸಾಲೆ ರುಬ್ಬೋಕೆ ಮಿಕ್ಸಿ ಸೊಸೆಯ ಪಾಲಿಗೆ, ಹುಣಸೆಹುಳಿ ಮಾತ್ರ ಯಾರ ಕೈಗೂ ಕೊಡಲಿಲ್ಲ. ಸಾಲ್ಮನ್ ತಲೆಯಲ್ಲಿ ಎಷ್ಟು ಕೊಬ್ಬು ಅಂದರೆ ಸಾರು ಕುದಿಯುತ್ತಿದ್ದ ಹಾಗೆ ಮೇಲೆಲ್ಲ ಕೆಂಪೆಣ್ಣೆಯ ಪದರ ಕಟ್ಟಿತು. ಕುಕ್ಕರಿನಲ್ಲಿ ಮುದ್ದೆ ಮಾಡಿದ್ದೆವು, ಗಂಟಿಲ್ಲದೆ ಬಂದಿತ್ತು.

ತಲೆಯ ಮೂಳೆಗಳು ದೊಡ್ಡವು, ಉಗುರಿನಷ್ಟು ಅಗಲ, ಬಟನ್ನಿನಷ್ಟು ದಪ್ಪ. ಜೋಮು ಹಿಡಿದ ಬೆರಳಿಗೂ ಸಿಗುತ್ತವೆ. ಅವ್ವ ಕೆನ್ನೆಯ ಹತ್ತಿರ ಹೆಬ್ಬೆರಳು ತೂರಿಸಿ ಒಂದು ದುಂಡನೆಯ ಮಾಂಸದ ತುಂಡನ್ನು ಬಿಡಿಸಿದಳು, ಬಲಗಡೆಯ ಒಳ್ಳೇ ಕಣ್ಣಿನ ಹತ್ತಿರ ಹಿಡಿದು ಒಂದು ಸಲ ತಿರುಗಿಸಿ ನೋಡಿದಳು, ಮಗಳ ಬಾಯಿಗೆ ಇಟ್ಟಳು. ಎರಡನೇ ಕೆನ್ನೆಯನ್ನು ಮಗಳೇ ಬಿಡಿಸುತ್ತೀನಿ ಅಂದಳು. ಬಿಡಿಸಿದ ಮೂಳೆಗಳನ್ನೆಲ್ಲ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಕೊಂಡು ಎಣಿಸಿದಳು, ಹದಿನಾಲ್ಕು.

'ಹುಳಿ ಒಂಚೂರು ಮುಂದಾಯ್ತು' ಅಂದಳು ಅವ್ವ, ಮತ್ತೆ ಸಾರು ಹಾಕಿಕೊಳ್ಳುತ್ತಾ.