ಚಿತ್ರಕ್ಕಿಂತ ಮೊದಲು ಬಂದ ಹಾಡು

ಕಡೂರಿನ ಬಯಲನ್ನು ದಾಟಿ ತರೀಕೆರೆಯ ತೋಟಗಳನ್ನು ಸೇರುವಷ್ಟರಲ್ಲಿ ಗಾಳಿಯ ಗುಣವೇ ಬದಲಾಗುತ್ತದೆ. ಒಂದೆಡೆ ರಾಗಿ ಬೆಳೆಯುವ ಒಣಭೂಮಿ, ಇನ್ನೊಂದೆಡೆ ಮಲೆನಾಡಿನ ಬಾಗಿಲು. ಪೂರ್ವಕ್ಕೆ ಸರಿದರೆ ಅಜ್ಜಂಪುರದ ಎರೆಮಣ್ಣು. ಮಣ್ಣು ಮಳೆಗಳು ಬೇರೆಯಾದರೂ ಇಂತಹ ಊರುಗಳ ಸಂಜೆಗೆ ಒಂದು ಕಾಲದಲ್ಲಿ ಒಂದೇ ದನಿಯಿತ್ತು. ಅದು ಟೂರಿಂಗ್ ಟಾಕೀಸಿನ ಡೇರೆಯ ಮೇಲೆ ಕಟ್ಟಿದ ಧ್ವನಿವರ್ಧಕದ ಕಹಳೆ.

ಬೆಂಗಳೂರಿನಲ್ಲಿ ತೆರೆಕಂಡ ಚಿತ್ರ ಇಂತಹ ಡೇರೆಗಳಿಗೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಚಿತ್ರದ ಪ್ರತಿಗಳು ಕೆಲವೇ ಇದ್ದು, ಅವು ಊರಿಂದೂರಿಗೆ ಸರದಿಯ ಮೇಲೆ ಸಾಗಬೇಕಾಗಿತ್ತು. ಅಂಗೈಯಗಲದ ಧ್ವನಿಮುದ್ರಿಕೆಗೆ ಆ ತೊಡಕಿಲ್ಲ. ಆದ್ದರಿಂದ ಹಾಡು ಮೊದಲು ಬಂದು, ಚಿತ್ರ ಹಿಂದಿನಿಂದ ಬರುತ್ತಿತ್ತು. ಹೊಲದಿಂದ ಮರಳುವವರು ಹಾಡುಗಳನ್ನು ಕೇಳುತ್ತಲೇ ಊಟ ಮುಗಿಸುತ್ತಿದ್ದರು. ಕೊನೆಗೆ ಘಂಟಸಾಲರ ಕಂಠದಲ್ಲಿ ವೆಂಕಟೇಶನ ಸ್ತುತಿ ಮೊಳಗಿತೆಂದರೆ ಆಟ ಶುರುವಾಗುವುದೆಂದು ಅರ್ಥ. ಗಡಿಯಾರವಿಲ್ಲದ ಮನೆಗಳಿಗೂ ಅದು ತಿಳಿಯುತ್ತಿತ್ತು.

ಹಾಡನ್ನು ಮುಂದೆ ಕಳಿಸಿ ಚಿತ್ರಕ್ಕೆ ಜನರನ್ನು ಕರೆಯುವ ಈ ಕ್ರಮ ನಮ್ಮಲ್ಲಿ ಮಾತ್ರ ಇರುವುದಲ್ಲ. ಜಪಾನಿನಲ್ಲಿ ‘ಅರಾಶಿ’ ಎಂಬ ಐವರು ತರುಣರ ಗಾಯನತಂಡ 2002ರಲ್ಲಿ ‘ಪಿಕಾಂಚಿ’ ಎಂಬ ಹಾಡಿನ ಮುದ್ರಿಕೆಯನ್ನು ಹೊರತಂದಿತು. ಅದೇ ಹೆಸರಿನಿಂದ ತೊಡಗುವ ಚಿತ್ರದಲ್ಲಿ ನಟಿಸಿದವರೂ ಆ ಐವರೇ. ಹಾಡಿದ ಮುಖವನ್ನೇ ತೆರೆಯ ಮೇಲೂ ಕಾಣುವ ಸಂತೋಷ ಅಲ್ಲಿನವರದು. ನಮ್ಮಲ್ಲಿ ತುಟಿ ಒಬ್ಬರದು, ಕೊರಳು ಇನ್ನೊಬ್ಬರದು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಅನಂತರ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದ ರಾಜ್‌ಕುಮಾರ್ ಅವರು ಇದಕ್ಕೆ ದೊಡ್ಡ ಅಪವಾದ. ಉಳಿದಂತೆ ಡೇರೆಯ ಕಹಳೆ ಹಾಡನ್ನು ಕೊಡುತ್ತಿತ್ತೇ ಹೊರತು ಹಾಡಿದವರ ಹೆಸರನ್ನು ಹೇಳುತ್ತಿರಲಿಲ್ಲ. ಕೇಳುವವರು ಅದನ್ನು ನಾಯಕನಟನ ಲೆಕ್ಕಕ್ಕೇ ಬರೆದುಕೊಳ್ಳುತ್ತಿದ್ದರು. ಎಷ್ಟೋ ಗಾಯಕರಿಗೆ ಆದ ಅನ್ಯಾಯವಿದು.

ಹೆಸರನ್ನು ಹೇಳಿದ್ದು ಆಕಾಶವಾಣಿ. 1965ರಲ್ಲಿ ಭದ್ರಾವತಿಯಲ್ಲಿ ನಿಲಯ ಆರಂಭವಾದ ಮೇಲೆ ಈ ಸೀಮೆಯ ಮನೆಗಳಿಗೆ ಹಾಡಿನೊಡನೆ ಕವಿಯ ಹೆಸರೂ ಗಾಯಕರ ಹೆಸರೂ ಬಂದವು. ಮೆಚ್ಚಿನ ಗೀತೆಯನ್ನು ಕೋರಿ ಕಾರ್ಡು ಬರೆದವರು ತಮ್ಮ ಹೆಸರು ಕೇಳಿಬಂದೀತೆಂದು ರೇಡಿಯೋಕ್ಕೆ ಕಿವಿಗೊಟ್ಟು ಕೂರುತ್ತಿದ್ದರು.

ಹೀಗೆ ಹೆಸರಿನೊಡನೆ ಹೆಮ್ಮೆಯನ್ನೂ ತಂದ ಹಾಡು ‘ಕಾಡು ಕುದುರೆ’ ಚಿತ್ರದ್ದು. ಅದನ್ನು ಬರೆದವರೂ ಚಿತ್ರವನ್ನು ನಿರ್ದೇಶಿಸಿದವರೂ ಚಂದ್ರಶೇಖರ ಕಂಬಾರರು. ಬೆಳಗಾವಿ ಸೀಮೆಯ ಘೋಡಗೇರಿಯವರು. ಹಾಡಿದವರು ಶಿವಮೊಗ್ಗ ಸುಬ್ಬಣ್ಣ. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದವರು, ವೃತ್ತಿಯಿಂದ ವಕೀಲರು. ಉತ್ತರದ ಮಾತಿಗೆ ಮಲೆನಾಡಿನ ಕೊರಳು ಕೂಡಿಕೊಂಡಿತು. 1978ರ ಸಾಲಿನ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಈ ಹಾಡಿಗಾಗಿ ಸುಬ್ಬಣ್ಣನವರಿಗೆ ಸಂದಿತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗರು ಅವರು. ತರೀಕೆರೆಯವರ ಪಾಲಿಗೆ ಶಿವಮೊಗ್ಗವೆಂದರೆ ಸಂತೆಗೂ ಆಸ್ಪತ್ರೆಗೂ ಹೋಗಿಬರುವ ನೆರೆಯೂರು. ಅಂತಹ ಊರಿನ ಹೆಸರು ಹೊತ್ತ ಕಂಠಕ್ಕೆ ದಿಲ್ಲಿಯ ಮನ್ನಣೆ ದೊರೆತದ್ದು ಸಾಮಾನ್ಯ ಸಂಗತಿಯಲ್ಲ.

ಆ ಚಿತ್ರವನ್ನು ನೋಡಿದವರು ಕಡಿಮೆ. ಹಾಡನ್ನು ಕೇಳದವರು ಇನ್ನೂ ಕಡಿಮೆ. ಡೇರೆಗಳು ಕಣ್ಮರೆಯಾದವು, ಮುದ್ರಿಕೆಗಳು ಸವೆದವು, ಕ್ಯಾಸೆಟ್ಟುಗಳೂ ಬಂದು ಹೋದವು. 2022ರ ಆಗಸ್ಟಿನಲ್ಲಿ ಸುಬ್ಬಣ್ಣನವರೂ ತೀರಿಕೊಂಡರು. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಇಂದಿಗೂ ಆ ಹಾಡನ್ನು ಹಾಡುತ್ತಾರೆ. ಅದಕ್ಕೊಂದು ಚಿತ್ರವಿತ್ತೆಂಬುದು ಅವರಲ್ಲಿ ಹಲವರಿಗೆ ತಿಳಿಯದು. ಅಜ್ಜಂಪುರದ ಮಕ್ಕಳಿಗೆ ಕುದುರೆಗಿಂತ ಅಲ್ಲಿನ ತಳಿಕೇಂದ್ರದ ಅಮೃತಮಹಲ್ ರಾಸುಗಳೇ ಹೆಚ್ಚು ಪರಿಚಿತ. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಸಾಮಗ್ರಿಯನ್ನು ಎಳೆದ, ವೇಗಕ್ಕೆ ಹೆಸರಾದ ತಳಿ ಅದು. ಕಾವಲಿನ ಬಯಲಿನಲ್ಲಿ ಅವು ಕೊಂಬೆತ್ತಿ ಓಡುವುದನ್ನು ಕಂಡ ಹುಡುಗನಿಗೆ, ಹಾಡಿನ ಕುದುರೆಯನ್ನು ಕಾಣಲು ಬೇರೆ ಬೆಳ್ಳಿತೆರೆ ಬೇಕಾಗಲಿಕ್ಕಿಲ್ಲ.