ಬೇಲೂರಿನ ಕತ್ತಲಲ್ಲಿ ಐಎಸ್‌ಒ 3200

ಬೇಲೂರಿನ ಚೆನ್ನಕೇಶವ ದೇವಸ್ಥಾನದ ಹೊರಗೆ ಫೋಟೊ ತೆಗೆಯೋಕೆ ವಿದ್ಯೆ ಏನೂ ಬೇಡ. ಬಿಸಿಲಿದ್ದರೆ ಸಾಕು, ಯಾವ ಫೋನಾದರೂ ನಡೆಯುತ್ತೆ. ಅಸಲಿ ಪರೀಕ್ಷೆ ಇರೋದು ಬಾಗಿಲು ದಾಟಿ ನವರಂಗಕ್ಕೆ ಕಾಲಿಟ್ಟಾಗ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಈ ಗುಡಿಯ ಸುತ್ತ ಕಲ್ಲಿನ ಜಾಲಂಧ್ರಗಳಿವೆ. ಬೆಳಕು ಆ ಕಿಂಡಿಗಳಲ್ಲಿ ಸೋಸಿಕೊಂಡೇ ಒಳಗೆ ಬರಬೇಕು. ಬಂದಷ್ಟನ್ನೂ ಕಪ್ಪುಛಾಯೆಯ ಬಳಪದ ಕಲ್ಲು ನುಂಗಿಬಿಡುತ್ತೆ.

ಇಲ್ಲಿನ 42 ಮದನಿಕೆಯರಲ್ಲಿ 38 ಹೊರಗಿದ್ದಾರೆ. ಉಳಿದ ನಾಲ್ವರು ಒಳಗೆ, ಕಂಬಗಳ ಮೇಲೆ, ಕತ್ತಲಲ್ಲಿ. ಜೊತೆಗಿದ್ದ ಅಮ್ಮ ಕತ್ತೆತ್ತಿ ನೋಡಿ, "ಎಲ್ಲಾ ಮಸಿ ಮಸಿ, ಮುಖವೇ ಕಾಣ್ತಿಲ್ಲ" ಅಂದರು. ಕಣ್ಣಿಗೆ ಪೊರೆ ಬರ್ತಿದೆ. ಕ್ಯಾಮೆರಾ ಹೊರತೆಗೆದೆ.

ಲೆನ್ಸ್ ಪೂರ್ತಿ ತೆರೆದಿದ್ದರೂ ಐಎಸ್‌ಒ 100ರಲ್ಲಿ ಅದು ಕೇಳಿದ್ದು ಒಂದು ಸೆಕೆಂಡು. ಅಷ್ಟು ಹೊತ್ತು ಯಾರ ಕೈ ಅಲುಗದೆ ನಿಲ್ಲುತ್ತೆ? 200ಕ್ಕೆ ಏರಿಸಿದರೆ ಅರ್ಧ ಸೆಕೆಂಡು, 400ಕ್ಕೆ ಕಾಲು. ಸಂಖ್ಯೆ ದುಪ್ಪಟ್ಟಾದ ಹಾಗೆಲ್ಲ ಸಮಯ ಅರ್ಧ. 3200ಕ್ಕೆ ಬಂದಾಗ ಸೆಕೆಂಡಿನ ಮೂವತ್ತನೇ ಒಂದು ಭಾಗ. ಮೊಣಕೈ ಎದೆಗೊತ್ತಿ ಉಸಿರು ಹಿಡಿದರೆ ಇದು ಸಾಧ್ಯ. (ರೀಲಿನ ಕಾಲದಲ್ಲಾಗಿದ್ದರೆ 100ರ ರೋಲು ಹಾಕಿದವರು ಅದು ಮುಗಿಯೋವರೆಗೂ 100ಕ್ಕೇ ಗಂಟುಬೀಳಬೇಕಿತ್ತು!)

ಐಎಸ್‌ಒ ಏರಿಸಿದರೆ ಕ್ಯಾಮೆರಾ ಹೆಚ್ಚು ಬೆಳಕು ಹಿಡಿಯುತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಹಾಗೇನಿಲ್ಲ. ಸೆನ್ಸರಿಗೆ ಸಿಕ್ಕ ಅಲ್ಪ ಸಂಕೇತವನ್ನೇ ದೊಡ್ಡದು ಮಾಡ್ತಾರೆ, ರೇಡಿಯೊ ವಾಲ್ಯೂಮ್ ತಿರುಗಿಸಿದ ಹಾಗೆ. ಹಾಡಿನ ಜೊತೆ ಗೊರಗೊರವೂ ಏರುತ್ತೆ. ಫೋಟೊದಲ್ಲಿ ಕಾಣೋ ಚುಕ್ಕಿ ಚುಕ್ಕಿ ಅದೇ. ಅದರ ಮೂಲ ಮಾತ್ರ ಬೆಳಕಿನ ಕೊರತೆ. ಮಳೆಯ ಮೊದಲ ಹನಿಗಳು ಅಂಗಳದಲ್ಲಿ ಬೀಳೋದನ್ನ ನೋಡಿ: ಒಂದು ಕಲ್ಲು ಒದ್ದೆ, ಪಕ್ಕದ್ದು ಒಣ. ಜೋರಾಗಿ ಸುರಿದರೆ ಎಲ್ಲ ಸಮ. ಬೆಳಕೂ ಹೀಗೇ ಹನಿಹನಿಯಾಗಿ ಬರುತ್ತೆ.

ಫೋನಿನ ನೈಟ್ ಮೋಡ್ ಹಲವು ಫ್ರೇಮ್ ತೆಗೆದು ಒಂದಾಗಿಸಿ ಈ ಚುಕ್ಕಿ ತಗ್ಗಿಸುತ್ತೆ. ಶಿಲ್ಪ ಕದಲಲ್ಲ, ಹಾಗಾಗಿ ಇಲ್ಲಿ ಚೆನ್ನಾಗೇ ಕೆಲಸ ಮಾಡುತ್ತೆ. ಮಧ್ಯೆ ನಡೆದುಹೋದ ಜನ ದೆವ್ವದ ಥರ ಬಂದಾರು, ಅಷ್ಟೇ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಎದುರಿಂದ ಬಿದ್ದ ಬೆಳಕಿಗೆ ನೆರಳೆಲ್ಲ ಸತ್ತು, ಉಬ್ಬುತಗ್ಗಿನ ಕೆತ್ತನೆ ಚಪ್ಪಟೆಯಾಗುತ್ತೆ.

ತೆಗೆದದ್ದನ್ನ ದೊಡ್ಡದು ಮಾಡಿ ಅಮ್ಮನ ಕೈಗೆ ಕೊಟ್ಟೆ. ನನ್ನ ಕಣ್ಣು ಹೋಗಿದ್ದು ಚುಕ್ಕಿಗಳ ಮೇಲೆ. ಅವರು ಪರದೆ ಹತ್ತಿರ ಹಿಡಿದು ಮೂಗು, ತುಟಿ, ಬೆರಳು ಅಂತ ಒಂದೊಂದೇ ನೋಡ್ತಾ ಹೋದರು. "ಇನ್ನು ಮೂರು ಜನರದ್ದೂ ತೆಗಿ" ಅಂದರು.